ನಿಂತಲ್ಲಿ ನಿಲ್ಲದ ನಾಯಿ

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರವೆಂಬ ಹಳ್ಳಿ ಇದೆ. ಹಂಪಿಯ ಗುಡಿ ಗೋಪುರಗಳ ಕಡೆಗೆ ಧಾವಿಸುವ ಪ್ರವಾಸಿಗಳು ಅಲ್ಲಿ ನಿಲ್ಲುವುದು ಅಪರೂಪ. ಹಳೆಯ ಕಾಲದ ಮುಸಲ್ಮಾನ ಗೋರಿಗಳನ್ನು ಹುಡುಕಿಕೊಂಡು ಬರುವ ಕೆಲವರು ಮಾತ್ರ ಇಳಿಯುತ್ತಾರೆ. ಸುತ್ತಲೂ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಬಂಡೆಗಳ ಗುಡ್ಡಗಳು. ಕಾಲುವೆಯ ನೀರು ಹರಿಯುವಲ್ಲೆಲ್ಲ ಬಾಳೆ, ಕಬ್ಬು, ಭತ್ತ. ಈ ಸೀಮೆಯ ಗುಡ್ಡಗಳಲ್ಲಿ ಚಿರತೆ ಕರಡಿಗಳುಂಟು. ಬಹುದೂರವಲ್ಲದ ದರೋಜಿಯಲ್ಲಿ ೧೯೯೪ರಿಂದ ಕರಡಿಗಳಿಗಾಗಿಯೇ ಒಂದು ಅಭಯಾರಣ್ಯವಿದೆ. ರಾತ್ರಿಯ ಹೊತ್ತು ಕಾಡುಹಂದಿಗಳು ಬೆಳೆಗೆ ಇಳಿಯುವುದೂ ಉಂಟು. ಇಂತಹ ಕಡೆ ನಾಯಿಯೆಂಬುದು ಮನೆಯ ಅಲಂಕಾರವಲ್ಲ; ಅದು ತೋಟದ ಆಳು.

ಈ ಊರಿನ ಒಂದು ಮನೆಯ ನಾಯಿಯನ್ನು ನಾವು ಬಲ್ಲೆವು. ಅದರ ಹೆಸರು ಕರಿಯ. ಉದ್ದವಾದ ಕಾಲು, ಒಳಸೇರಿದ ಹೊಟ್ಟೆ, ಆಳವಾದ ಎದೆ, ಚೂಪಾದ ಮುಖ: ಬೇಟೆನಾಯಿಯ ರಕ್ತ ಅದರಲ್ಲಿ ಎಷ್ಟೋ ಪಾಲು ಬೆರೆತಿರಬೇಕೆಂಬುದು ನೋಡಿದೊಡನೆ ತಿಳಿಯುವಂತಿತ್ತು. ಒಂದು ವರ್ಷ ತುಂಬುವವರೆಗೆ ಅದು ಬಾಳೆಯ ತೋಟದಲ್ಲಿ ಬೆಳೆಯಿತು. ಹಗಲೆಲ್ಲ ಗುಡಿಸಲಿನ ನೆರಳಿನಲ್ಲಿ ನಿದ್ದೆ. ಸಂಜೆಯಾದರೆ ಬದುವಿನ ಉದ್ದಕ್ಕೂ ತಿರುಗಾಟ. ರಾತ್ರಿ ಹಂದಿಯ ಸದ್ದು ಕೇಳಿದರೆ ಓಟ. ಅನಂತರ ತೋಟವನ್ನು ಗುತ್ತಿಗೆಗೆ ಕೊಡಬೇಕಾಗಿ ಬಂದು, ಕರಿಯನನ್ನು ಊರೊಳಗಿನ ಮನೆಗೆ ತಂದರು. ಅಂಗಳದ ಬೇವಿನ ಮರಕ್ಕೆ ಸರಪಳಿ ಬಿತ್ತು.

ಅಂದಿನಿಂದ ಮನೆಗೆ ನೆಮ್ಮದಿಯಿಲ್ಲ. ಕಟ್ಟಿದ್ದಾಗ ಬೊಗಳಾಟ, ನೆಲ ಕೆರೆಯುವುದು, ಮರದ ಸುತ್ತ ಸುತ್ತಿ ಸರಪಳಿಯನ್ನು ಗಿಡ್ಡ ಮಾಡಿಕೊಂಡು ಮತ್ತೆ ಬೊಗಳುವುದು. ಬಿಟ್ಟರೆ ಬಾಣದಂತೆ ರಸ್ತೆಗೆ; ರಸ್ತೆಯಲ್ಲಿ ಹಂಪಿಗೆ ಹೋಗುವ ಬಸ್ಸು, ಆಟೋಗಳ ಬೆನ್ನು ಹತ್ತುವುದು. ಬಟ್ಟೆ, ಚಪ್ಪಲಿ, ಕಸಬರಿಕೆ ಯಾವುದೂ ಉಳಿಯಲಿಲ್ಲ. ಒಂದು ದಿನ ಮನೆಯ ಹಿರಿಯ ಹೆಂಗಸು ನೀರಿನ ಕೊಡ ಹೊತ್ತು ಬರುತ್ತಿದ್ದಾಗ ಕರಿಯ ಎದೆಯ ಮೇಲೆ ಎಗರಿತು. ಅವ್ವ ಬಿದ್ದು ಮುಂಗೈ ಮುರಿದುಕೊಂಡಳು. ಮಾರನೆಯ ದಿನವೇ ಮನೆಯ ಯಜಮಾನರು ತೀರ್ಮಾನಿಸಿಬಿಟ್ಟರು: ನಾಯಿಯನ್ನು ಟೆಂಪೋದಲ್ಲಿ ಹಾಕಿ ಹೊಳೆಯಾಚೆ ಬಿಟ್ಟುಬರುವುದು. ಬಹಳ ಹೇಳಿಕೊಂಡ ಮೇಲೆ ನಮಗೆ ಒಂದು ತಿಂಗಳ ಗಡುವು ದೊರೆಯಿತು.

ಹೊಳೆಯಾಚೆ ಬಿಟ್ಟ ನಾಯಿಯ ಗತಿಯೇನೆಂಬುದು ಹಳ್ಳಿಗರಿಗೆ ತಿಳಿಯದ ವಿಷಯವಲ್ಲ. ಪರಸ್ಥಳದ ನಾಯಿಗಳು ಅದನ್ನು ಸೇರಿಸುವುದಿಲ್ಲ, ಅನ್ನ ಹಾಕುವವರಿಲ್ಲ, ವಾಹನವೋ ಚಿರತೆಯೋ ಕೆಲವೇ ದಿನಗಳಲ್ಲಿ ಲೆಕ್ಕ ಮುಗಿಸುತ್ತದೆ. ಹೀಗಾಗಿ ಕರಿಯನ ಪಾಲಿಗೆ ಆ ಒಂದು ತಿಂಗಳು ಬದುಕಿನ ಪ್ರಶ್ನೆಯೇ ಆಗಿತ್ತು. ಆ ತಿಂಗಳಲ್ಲಿ ನಾವು ಕಂಡದ್ದನ್ನೂ, ಅದಕ್ಕೆ ಜೀವವಿಜ್ಞಾನವು ಕೊಡುವ ವಿವರಣೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಚುರುಕು ಎಲ್ಲಿಂದ ಬಂತು?

ತೋಳದ ಕುಲದಿಂದ ನಾಯಿ ಕವಲೊಡೆದು ಮನುಷ್ಯನ ಬಳಿ ಸೇರಿ ಕಡಿಮೆಯೆಂದರೂ ೧೪,೦೦೦ ವರ್ಷಗಳಾಗಿವೆ. ಈ ದೀರ್ಘಕಾಲದಲ್ಲಿ ಮನುಷ್ಯನು ತನಗೆ ಬೇಕಾದ ಗುಣಗಳುಳ್ಳ ನಾಯಿಗಳನ್ನೇ ಸಾಕಿ, ಅವುಗಳ ಮರಿಗಳನ್ನೇ ಉಳಿಸಿಕೊಂಡು ಬಂದಿದ್ದಾನೆ. ಕುರಿ ಕಾಯಲು ಒಂದು ಬಗೆ, ವಾಸನೆ ಹಿಡಿಯಲು ಒಂದು ಬಗೆ, ಕಣ್ಣಿಗೆ ಬಿದ್ದ ಮೊಲವನ್ನು ಅಟ್ಟಿಕೊಂಡು ಹೋಗಲು ಮತ್ತೊಂದು ಬಗೆ. ಓಡುವ ವಸ್ತುವನ್ನು ಕಂಡರೆ ಹಿಂದುಮುಂದು ನೋಡದೆ ನುಗ್ಗುವ ಸ್ವಭಾವವನ್ನು ನೂರಾರು ತಲೆಮಾರುಗಳ ಕಾಲ ನಾವೇ ಆರಿಸಿ ಬೆಳೆಸಿದ್ದೇವೆ.

ಕನ್ನಡನಾಡಿನಲ್ಲಿ ಇದಕ್ಕೆ ಸಾವಿರ ವರ್ಷಗಳ ಹಿಂದಿನ ಕಲ್ಲಿನ ಸಾಕ್ಷಿಯೇ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವು ಕ್ರಿ. ಶ. ೯೪೯ರ ಸುಮಾರಿನದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ, ಏನು ಬೇಕೋ ಕೇಳೆಂದು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ಹೇಳಿದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಎರಡೂ ಸತ್ತವು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರಾಣ ಹೋದರೂ ಹಿಡಿದದ್ದನ್ನು ಬಿಡದ ಆ ಗುಣಕ್ಕೆ ಅಂದು ವೀರಗಲ್ಲು ದೊರೆಯಿತು. ಅದೇ ಗುಣ ಇಂದು ಅಂಗಳದಲ್ಲಿ ಕಾಣಿಸಿಕೊಂಡರೆ ಅದಕ್ಕೆ ದೊರೆಯುವ ಹೆಸರು ಹುಚ್ಚು.

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಗಳು ಇಂತಹ ಕಣ್ಣಿನ ಬೇಟೆಗಾರರಲ್ಲಿ ನಮ್ಮ ನಾಡಿನಲ್ಲೆಲ್ಲ ಹೆಸರಾದವು. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ಹೊರಡಿಸಿದ ನಾಯಿಗಳ ಅಂಚೆಚೀಟಿಗಳಲ್ಲಿ ಮುಧೋಳದ ನಾಯಿಯೂ ಒಂದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಈ ತಳಿಗಾಗಿ ಶ್ವಾನ ಸಂಶೋಧನ ಕೇಂದ್ರವನ್ನು ನಡೆಸುತ್ತಿದೆ. ೨೦೧೬ರಲ್ಲಿ ಈ ತಳಿಯ ಕೆಲವು ಮರಿಗಳನ್ನು ಭೂಸೇನೆಯು ತರಬೇತಿಗಾಗಿ ಮೀರತ್ತಿಗೆ ಕರೆದೊಯ್ದಿತು. ಇವುಗಳ ದಿನಚರಿಯಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಓಡುವಾಗ ಅವು ಮಿಂಚಿನಂತೆ ಓಡುತ್ತವೆ. ಆದರೆ ಆ ಓಟ ಕೆಲವೇ ನಿಮಿಷಗಳದು. ಉಳಿದ ಹೊತ್ತಿನ ಬಹುಪಾಲು ಅವು ಮಲಗಿಯೇ ಕಳೆಯುತ್ತವೆ. ಅಂದರೆ ಬೇಟೆನಾಯಿಯ ಸಹಜ ಸ್ಥಿತಿ ಎಡೆಬಿಡದ ಕುಣಿತವಲ್ಲ. ಕೆಲಸವೂ ವಿಶ್ರಾಂತಿಯೂ ಸರದಿಯಲ್ಲಿ ಬರಬೇಕು. ಕರಿಯನಿಗೆ ತೋಟದಲ್ಲಿ ಇವೆರಡೂ ಇದ್ದವು. ಬೇವಿನ ಮರದ ಕೆಳಗೆ ಎರಡೂ ಇರಲಿಲ್ಲ.

ರೋಗವೋ, ಸ್ವಭಾವವೋ?

ನಾವು ಮೊದಲು ಮಾಡಿದ್ದು ಕರಿಯನನ್ನು ಪಶುವೈದ್ಯರಿಗೆ ತೋರಿಸಿದ್ದು. ಈ ಹೆಜ್ಜೆಯನ್ನು ಯಾರೂ ಬಿಡತಕ್ಕದ್ದಲ್ಲ. ಮೈತುಂಬ ಉಣ್ಣೆ ಹತ್ತಿದ ನಾಯಿ, ಚರ್ಮ ತುರಿಸುವ ನಾಯಿ, ಹೊಟ್ಟೆಯಲ್ಲಿ ಹುಳುವಿರುವ ನಾಯಿ, ಕಿವಿಯಲ್ಲೋ ಕೀಲಿನಲ್ಲೋ ನೋವಿರುವ ನಾಯಿ ನಿಂತಲ್ಲಿ ನಿಲ್ಲಲಾರದು; ಅದಕ್ಕೆ ಶಿಕ್ಷಣ ಕೊಡಹೊರಡುವುದು ಹಲ್ಲುನೋವಿನ ಹುಡುಗನಿಗೆ ಮಗ್ಗಿ ಹೇಳಿಕೊಟ್ಟಂತೆ. ಶಾಂತವಾಗಿದ್ದ ನಾಯಿ ಒಮ್ಮೆಗೇ ಬದಲಾಗಿ ಕಂಡಕಂಡದ್ದನ್ನು ಕಚ್ಚತೊಡಗಿದರೆ, ಜೊಲ್ಲು ಸುರಿಸಿದರೆ, ನುಂಗಲು ಕಷ್ಟಪಟ್ಟರೆ, ಅದು ಬೇರೆಯೇ ಮಾತು. ಅಂತಹ ನಾಯಿಯ ಹತ್ತಿರ ಹೋಗದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ರೋಗದೊಡನೆ ಪ್ರಯೋಗ ಸಲ್ಲದು.

ನಿಜವಾದ ಅತಿಚಟುವಟಿಕೆಯ ರೋಗವೂ ನಾಯಿಗಳಲ್ಲಿ ಇಲ್ಲವೆಂದಲ್ಲ. ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ಕೋರ್ಸನ್ ಎಂಬ ವಿಜ್ಞಾನಿ ೧೯೭೦ರ ದಶಕದಲ್ಲಿ ಇಂತಹ ನಾಯಿಗಳನ್ನು ಅಭ್ಯಾಸ ಮಾಡಿದರು. ಸಾಮಾನ್ಯ ನಾಯಿಯನ್ನು ಕೆರಳಿಸುವ ಆಂಫೆಟಮಿನ್ ಎಂಬ ಔಷಧ ಇವುಗಳಲ್ಲಿ ಕೆಲವನ್ನು ತದ್ವಿರುದ್ಧವಾಗಿ ಶಾಂತಗೊಳಿಸಿತು. ಆದರೆ ಇಂತಹ ನಾಯಿಗಳು ವಿರಳ. ಮನೆಯಲ್ಲಿ ಯಾರೂ ಇಲ್ಲದಾಗಲೂ, ಸಾಕಷ್ಟು ಓಡಾಡಿದ ಮೇಲೂ, ಗಂಟೆಗಟ್ಟಲೆ ತಣ್ಣಗಾಗದ ನಾಯಿಯ ವಿಷಯದಲ್ಲಿ ಮಾತ್ರ ವೈದ್ಯರು ಆ ಸಂಶಯ ಪಡುತ್ತಾರೆ. ಕರಿಯನ ವಿಷಯದಲ್ಲಿ ವೈದ್ಯರು ಉಣ್ಣೆಗೂ ಹುಳುವಿಗೂ ಔಷಧ ಕೊಟ್ಟು, ಬೇರೆ ದೋಷವಿಲ್ಲವೆಂದರು. ಬೀಜ ತೆಗೆಸಿದರೆ ಸರಿಹೋದೀತೆ ಎಂದು ಯಜಮಾನರು ಕೇಳಿದರು. ಹೆಣ್ಣುನಾಯಿಗಳ ಹಿಂದೆ ಅಲೆಯುವುದು ಅದರಿಂದ ಕಡಿಮೆಯಾಗಬಹುದು, ಮೈಮೇಲೆ ಎಗರಬಾರದೆಂಬ ಪಾಠವನ್ನು ಶಸ್ತ್ರಚಿಕಿತ್ಸೆ ಕಲಿಸಲಾರದು ಎಂಬುದು ಅವರ ಉತ್ತರ.

ನಾವು ಮಾಡಿದ ತಪ್ಪು

ಶಕ್ತಿ ಹೆಚ್ಚಾಗಿದೆ, ಅದನ್ನು ಖರ್ಚು ಮಾಡಿಸಿದರಾಯಿತು ಎಂದು ನಾವು ಲೆಕ್ಕ ಹಾಕಿದೆವು. ಮನೆಯ ಹುಡುಗನು ಬೆಳಗಿನ ಜಾವ ಸೈಕಲ್ಲಿನ ಜೊತೆಗೆ ಕರಿಯನನ್ನು ಕಾಲುವೆಯ ದಂಡೆಯ ಮೇಲೆ ಓಡಿಸತೊಡಗಿದನು. ಮೊದಲ ಎರಡು ದಿನ ಕರಿಯ ಮನೆಗೆ ಬಂದು ಮಲಗಿತು. ನಮಗೆ ಹಿಗ್ಗು. ವಾರ ತುಂಬುವ ಹೊತ್ತಿಗೆ ಹುಡುಗ ಏದುಸಿರು ಬಿಡುತ್ತ ಮಲಗುತ್ತಿದ್ದನು, ಕರಿಯ ಬೊಗಳುತ್ತಿತ್ತು.

ಕಾರಣ ಸರಳವಾಗಿತ್ತು. ದಿನವೂ ಓಡಿಸಿದರೆ ಹೃದಯ, ಶ್ವಾಸಕೋಶ, ಸ್ನಾಯುಗಳು ಬಲಗೊಳ್ಳುತ್ತವೆ. ಗರಡಿಗೆ ಹೋಗುವ ಪೈಲವಾನನಂತೆ ನಾಯಿಗೂ ಕಸುವು ಏರುತ್ತದೆ. ನಿನ್ನೆ ದಣಿಸಿದ ದೂರ ನಾಳೆ ದಣಿಸದು. ನಾವು ನಾಯಿಯನ್ನು ಶಾಂತಗೊಳಿಸಲು ಹೋಗಿ, ಹೆಚ್ಚು ಹೊತ್ತು ಕುಣಿಯಬಲ್ಲ ನಾಯಿಯನ್ನು ತಯಾರಿಸಿದ್ದೆವು. ಓಟ ಬೇಕು, ಆದರೆ ಓಟವೊಂದೇ ಸಾಲದು. ದಣಿಯಬೇಕಾದದ್ದು ಕಾಲು ಮಾತ್ರವಲ್ಲ, ತಲೆಯೂ ಹೌದು. ಜೊತೆಗೆ ಸುಮ್ಮನಿರುವುದೂ ಒಂದು ವಿದ್ಯೆ, ಅದನ್ನು ಕಲಿಸದೆ ಬಾರದು.

ಪಾಠ ಹೇಳಿದವರು ಯಾರು?

ರಷ್ಯದ ಇವಾನ್ ಪಾವ್ಲೊವ್ ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಬಹುಮಾನ ಪಡೆದವರು. ಆಹಾರಕ್ಕೆ ಮುಂಚೆ ಪ್ರತಿಸಲವೂ ಒಂದು ಶಬ್ದವನ್ನು ಕೇಳಿಸುತ್ತ ಹೋದರೆ, ಕೊನೆಗೆ ಶಬ್ದವೊಂದಕ್ಕೇ ನಾಯಿಯ ಬಾಯಲ್ಲಿ ಜೊಲ್ಲೂರುವುದನ್ನು ಅವರು ತೋರಿಸಿಕೊಟ್ಟರು. ಸರಪಳಿ ಬಿಚ್ಚುವ ಸದ್ದು ಕೇಳಿದೊಡನೆ ಕರಿಯನು ಹುಚ್ಚೆದ್ದು ಕುಣಿಯುತ್ತಿದ್ದುದು ಇದೇ ನಿಯಮದಿಂದ. ಆ ಸದ್ದಿನ ಬೆನ್ನಿಗೇ ಯಾವಾಗಲೂ ಬಿಡುಗಡೆ ಬರುತ್ತಿತ್ತು.

ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ೧೮೯೮ರಲ್ಲಿ ಬೆಕ್ಕು ನಾಯಿಗಳನ್ನು ಅಗುಳಿ ಹಾಕಿದ ಪೆಟ್ಟಿಗೆಗಳಲ್ಲಿಟ್ಟು ಇನ್ನೊಂದು ನಿಯಮವನ್ನು ಕಂಡುಕೊಂಡರು. ಯಾವ ಚೇಷ್ಟೆಯಿಂದ ಸುಖ ದೊರೆಯುವುದೋ ಆ ಚೇಷ್ಟೆ ಬೇರೂರುತ್ತದೆ. ಯಾವುದರಿಂದ ಏನೂ ದೊರೆಯದೋ ಅದು ಉದುರಿಹೋಗುತ್ತದೆ. ಈ ನಿಯಮವನ್ನು ಹಿಡಿದು ನಾವು ಕರಿಯನ ಮನೆಯಲ್ಲಿ ಎರಡು ದಿನ ಕಟ್ಟೆಯ ಮೇಲೆ ಕುಳಿತು ನೋಡಿದೆವು. ಕಂಡದ್ದು ಇಷ್ಟು. ನಾಯಿ ಸುಮ್ಮನೆ ಮಲಗಿದ್ದಾಗ ಮನೆಯವರು ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ; ಸದ್ಯ ಸುಮ್ಮನಿದೆಯಲ್ಲ ಎಂದು ಕಾಲ್ತುದಿಯಲ್ಲಿ ನಡೆಯುತ್ತಾರೆ. ಬೊಗಳಿದಾಗ ಯಜಮಾನರು ಹೊರಬಂದು ಗದರಿಸುತ್ತಾರೆ. ಎಗರಿದಾಗ ಹುಡುಗನು ಎರಡೂ ಕೈಗಳಿಂದ ಹಿಡಿದು ದೂಡುತ್ತಾನೆ. ಮತ್ತು ಅವ್ವ, ಕೈಗೆ ಪಟ್ಟಿ ಕಟ್ಟಿಸಿಕೊಂಡ ಅದೇ ಅವ್ವ, ನಾಯಿ ಮೊಣಕಾಲಿಗೆ ಮುಂಗಾಲಿಟ್ಟು ನಿಂತೊಡನೆ ಜೋಳದ ರೊಟ್ಟಿಯ ತುಣುಕನ್ನು ಮುರಿದು ಅದರ ಬಾಯಿಗಿಡುತ್ತಾಳೆ.

ಏಕೆಂದು ಕೇಳಿದರೆ, "ಮೂಕಜೀವ, ಬಾಯಿ ನೋಡ್ತೈತಿ, ಕೊಡದ ಹೆಂಗಿರ್ಲಿ?" ಎಂದಳು.

ನಾಯಿಯ ದೃಷ್ಟಿಯಿಂದ ಇದನ್ನೆಲ್ಲ ನೋಡಬೇಕು. ಇಡೀ ದಿನ ಒಂಟಿಯಾಗಿ ಕಟ್ಟಿಸಿಕೊಂಡ ಪ್ರಾಣಿಗೆ ಗದರಿಕೆಯೂ ಒಂದು ಮಾತುಕತೆ. ದೂಡುವುದು ಕುಸ್ತಿಯ ಆಟ. ರೊಟ್ಟಿಯಂತೂ ಸಾಕ್ಷಾತ್ ಬಹುಮಾನ. ಸುಮ್ಮನಿದ್ದರೆ ಏನೂ ಇಲ್ಲ, ಕುಣಿದರೆ ಎಲ್ಲವೂ ಉಂಟು ಎಂಬ ಪಾಠವನ್ನು ಮನೆಮಂದಿಯೆಲ್ಲ ಸೇರಿ ಬೆಳಗಿನಿಂದ ಸಂಜೆಯವರೆಗೆ ಹೇಳಿಕೊಡುತ್ತಿದ್ದರು. ಕರಿಯನು ಮಂದಬುದ್ಧಿಯ ಶಿಷ್ಯನಲ್ಲ, ಚೆನ್ನಾಗಿಯೇ ಕಲಿತಿದ್ದನು.

ಆರುವ ಮುನ್ನ ಉರಿಯುವ ದೀಪ

ಇದು ತಿಳಿದ ಮೇಲೆ ಉಪಾಯವೂ ತಿಳಿಯಿತು. ಎಗರಿದರೆ ಯಾರೂ ಮಾತಾಡಕೂಡದು, ಮುಟ್ಟಕೂಡದು, ನೋಡಲೂಕೂಡದು. ಮರದ ಕಂಬದಂತೆ ಬೆನ್ನು ತಿರುಗಿಸಿ ನಿಲ್ಲಬೇಕು. ನಾಲ್ಕು ಕಾಲೂ ನೆಲದಲ್ಲಿದ್ದಾಗ ಮಾತ್ರ ಮಾತು, ಮುದ್ದು, ರೊಟ್ಟಿ. ಹುಡುಗನು ಪ್ರತಿ ಎಗರಾಟಕ್ಕೂ ಇದ್ದಿಲಿನಿಂದ ಗೋಡೆಯ ಮೇಲೆ ಒಂದು ಗೀಟು ಎಳೆಯುವುದೆಂದು ಗೊತ್ತುಮಾಡಿದೆವು.

ಮೂರನೆಯ ದಿನ ಗೀಟುಗಳು ಮೊದಲ ದಿನಕ್ಕಿಂತ ಹೆಚ್ಚಾಗಿದ್ದವು. ಕರಿಯನು ಎತ್ತರಕ್ಕೆ ಎಗರಿತು, ಸೆರಗು ಹಿಡಿದು ಎಳೆಯಿತು, ಹಿಂದೆಂದೂ ಇಲ್ಲದಂತೆ ಊಳಿಟ್ಟಿತು. ಯಜಮಾನರು ನಮ್ಮನ್ನು ನೋಡಿದ ನೋಟವನ್ನು ನಾವು ಮರೆಯುವಂತಿಲ್ಲ.

ಆದರೆ ಇದು ಸೋಲಿನ ಗುರುತಲ್ಲ. ಕೈಪಂಪಿನಲ್ಲಿ ನೀರು ಬಾರದಿದ್ದರೆ ನಾವು ಕೂಡಲೇ ಮನೆಗೆ ಹೋಗುತ್ತೇವೆಯೇ? ಮೊದಲು ಇನ್ನಷ್ಟು ಜೋರಾಗಿ ಹತ್ತು ಸಲ ಒತ್ತಿ, ಪಂಪನ್ನು ಬೈದು, ಆಮೇಲೆ ಕೊಡ ಎತ್ತಿಕೊಳ್ಳುತ್ತೇವೆ. ದಿನವೂ ಫಲ ಕೊಡುತ್ತಿದ್ದ ಚೇಷ್ಟೆಗೆ ಫಲ ನಿಂತುಹೋದಾಗ ಪ್ರಾಣಿಗಳು ಮೊದಲು ಅದನ್ನೇ ಹೆಚ್ಚಿಸಿ ನೋಡುತ್ತವೆ, ಅನಂತರ ಬಿಡುತ್ತವೆ. ಅಮೆರಿಕದ ಬಿ. ಎಫ್. ಸ್ಕಿನ್ನರ್ ೧೯೩೦ರ ದಶಕದಿಂದ ಇಲಿ, ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳ ಹಾದಿಯಲ್ಲಿ ಈ ವಿಷಯವನ್ನು ಬಹಳವಾಗಿ ಅಭ್ಯಾಸ ಮಾಡಲಾಗಿದೆ. ಅದೇ ಪ್ರಯೋಗಗಳು ಮತ್ತೊಂದನ್ನೂ ತೋರಿಸಿವೆ. ಪ್ರತಿಸಲವೂ ಫಲ ಕೊಟ್ಟ ಚೇಷ್ಟೆಗಿಂತ, ಆಗೊಮ್ಮೆ ಈಗೊಮ್ಮೆ ಫಲ ಕೊಟ್ಟ ಚೇಷ್ಟೆಯೇ ಹೆಚ್ಚು ಗಟ್ಟಿ. ಗಾಳ ಹಾಕಿ ಕುಳಿತವನು ದಿನವೆಲ್ಲ ಏಳದಿರುವುದು ಅಪರೂಪಕ್ಕೆ ಮೀನು ಸಿಕ್ಕುವುದರಿಂದಲೇ. ಆದುದರಿಂದ ಮೂರು ದಿನ ತಡೆದು, ನಾಲ್ಕನೆಯ ದಿನ ಬೇಸತ್ತು ಒಂದು ತುಣುಕು ಎಸೆದರೆ, ಆ ದುರ್ಗುಣವನ್ನು ಮೊದಲಿಗಿಂತ ಭದ್ರಪಡಿಸಿದಂತೆಯೇ. ನಾಯಿ ಸಾಕುವವರಲ್ಲಿ ಅನೇಕರು ಸೋಲುವುದು ಈ ಜಾಗದಲ್ಲಿ. ಅದು ಕೆಟ್ಟಿತೆಂದು ಅವರು ತಿಳಿಯುವ ದಿನವೇ ಅದು ಬದಲಾಗತೊಡಗಿದ ದಿನ.

ಅವ್ವನಿಗೆ ಇದು ಎಲ್ಲರಿಗಿಂತ ಕಷ್ಟವಾಯಿತು. ಆದರೂ ಅವಳು ನಡೆಸಿದಳು. ಎರಡನೆಯ ವಾರದ ಕೊನೆಗೆ ಗೋಡೆಯ ಗೀಟುಗಳು ವಿರಳವಾದವು.

ಕೆಲಸ ಕೊಟ್ಟುದು

ಕೆಟ್ಟದ್ದನ್ನು ತೆಗೆದರೆ ಸಾಲದು, ಆ ಜಾಗದಲ್ಲಿ ಒಳ್ಳೆಯದನ್ನು ಇಡಬೇಕು. ಅದಕ್ಕಾಗಿ ನಾವು ಮಾಡಿದ ಏರ್ಪಾಡುಗಳಲ್ಲಿ ಹಣ ಖರ್ಚಾಗುವಂತಹುದು ಯಾವುದೂ ಇರಲಿಲ್ಲ.

ಮೊದಲನೆಯದು ಮೂಗಿನ ಕೆಲಸ. ನಾಯಿಯ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಮನುಷ್ಯನಿಗಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಮೂಸುವುದು ಅದಕ್ಕೆ ಓದಿದಂತೆ. ತಟ್ಟೆಯಲ್ಲಿಟ್ಟ ಆಹಾರವನ್ನು ಕರಿಯನು ಅರ್ಧ ನಿಮಿಷದಲ್ಲಿ ಮುಗಿಸುತ್ತಿತ್ತು. ಅದನ್ನೇ ತುಣುಕು ಮಾಡಿ ಅಂಗಳದ ಒಣಹುಲ್ಲಿನಲ್ಲಿ, ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ, ಕಲ್ಲಿನ ಸಂದುಗಳಲ್ಲಿ ಬಚ್ಚಿಟ್ಟೆವು. ಹುಡುಕಿ ತಿನ್ನಲು ಬಹಳ ಹೊತ್ತು ಹಿಡಿಯಿತು. ಮುಗಿಸಿದ ಮೇಲೆ ಕರಿಯನು ತಾನಾಗಿ ನೆರಳಿಗೆ ಹೋಗಿ ಮಲಗಿತು. ಸೈಕಲ್ಲಿನ ಓಟ ಮಾಡದಿದ್ದುದನ್ನು ಮೂಗಿನ ದುಡಿಮೆ ಮಾಡಿತು.

ಎರಡನೆಯದು ತಟ್ಟಿನ ಪಾಠ. ಕಟ್ಟೆಯ ಒಂದು ಮೂಲೆಯಲ್ಲಿ ಗೋಣಿತಟ್ಟು ಹಾಸಿದೆವು. ಕರಿಯನು ಅದರ ಮೇಲೆ ಕಾಲಿಟ್ಟ ಕ್ಷಣವೇ "ಭಲೆ" ಎಂಬ ಮಾತು, ಹಿಂದೆಯೇ ಒಂದು ತುಣುಕು. ಆಮೇಲೆ ಕುಳಿತರೆ ಮಾತ್ರ, ಆಮೇಲೆ ಮಲಗಿದರೆ ಮಾತ್ರ, ಆಮೇಲೆ ಮಲಗಿ ಎಣಿಕೆ ಹತ್ತು ಆಗುವವರೆಗೆ ಕಾದರೆ ಮಾತ್ರ. ಕ್ಷಣ ತಪ್ಪಬಾರದೆಂಬುದೇ ಇಲ್ಲಿನ ಗುಟ್ಟು. ನಾಯಿ ಮಲಗಿದಾಗ ಹೇಳಬೇಕಾದ "ಭಲೆ"ಯನ್ನು ಅದು ಎದ್ದಮೇಲೆ ಹೇಳಿದರೆ ಎದ್ದದ್ದಕ್ಕೇ ಬಹುಮಾನ ಸಂದಂತಾಗುತ್ತದೆ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಸಾಕು; ಇಬ್ಬರಿಗೂ ಬೇಸರ ಬರುವ ಮೊದಲೇ ನಿಲ್ಲಿಸಬೇಕು.

ಮೂರನೆಯದು ಹಗ್ಗದ ನಡಿಗೆ. ಬಸ್ಸಿನ ಬೆನ್ನಟ್ಟುವ ಚಟಕ್ಕೆ ನಮ್ಮ ಮೌನವ್ರತ ಸಾಗದು. ಏಕೆಂದರೆ ಅಲ್ಲಿ ಬಹುಮಾನ ಕೊಡುವವರು ನಾವಲ್ಲ, ಓಡುವ ಬಸ್ಸು. ಕರಿಯನು ಅಟ್ಟಿದ ಬಸ್ಸುಗಳೆಲ್ಲ ಓಡಿಹೋಗಿವೆ; ಅದರ ಲೆಕ್ಕದಲ್ಲಿ ಪ್ರತಿಸಲವೂ ಗೆಲುವು ಅದರದೇ. ಇಂತಹ ಚಟ ಬಿಡಿಸಲು ಅವಕಾಶ ಕೊಡದಿರುವುದೊಂದೇ ಮೊದಲ ಮಾರ್ಗ. ಹಗ್ಗವಿಲ್ಲದೆ ರಸ್ತೆಗೆ ಬಿಡಲಿಲ್ಲ. ರಸ್ತೆಯಿಂದ ಬಹುದೂರ, ಬಸ್ಸು ಕಂಡರೂ ಕರಿಯನ ಮೈ ಬಿಗಿಯದಷ್ಟು ದೂರ ನಿಂತು, ಬಸ್ಸು ಕಂಡಾಗಲೆಲ್ಲ ಒಂದು ತುಣುಕು ಕೊಟ್ಟೆವು. ದಿನಕ್ಕೆ ಕೆಲವು ಹೆಜ್ಜೆ ಹತ್ತಿರ. ಬಸ್ಸು ಕಂಡರೆ ಹುಡುಗನ ಮುಖ ನೋಡಬೇಕೆಂಬ ಹೊಸ ಅಭ್ಯಾಸ ಮೆಲ್ಲಗೆ ಮೂಡಿತು. ಹಗ್ಗ ಬಿಗಿದು ಎಳೆದರೆ ನಿಲ್ಲುವುದು, ಸಡಿಲಾದರೆ ನಡೆಯುವುದು. ಇದೂ ಅದೇ ಪಾಠದ ಭಾಗ.

ನಾಲ್ಕನೆಯದು ಹೊತ್ತಿನ ವಿವೇಕ. ಹೊಸಪೇಟೆಯ ಸೀಮೆಯಲ್ಲಿ ಚೈತ್ರ ವೈಶಾಖಗಳ ಬಿಸಿಲು ೪೦ ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಂಡೆಗಳೂ ಡಾಂಬರೂ ಅದಕ್ಕಿಂತ ಬಿಸಿ. ನಾಯಿಯು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈಯ ಕಾವನ್ನು ಇಳಿಸಿಕೊಳ್ಳಬೇಕು. ಅದರ ಸಹಜವಾದ ಕಾವು ಸುಮಾರು ೩೮.೫ ಡಿಗ್ರಿ, ೪೧ ದಾಟಿದರೆ ಪ್ರಾಣಕ್ಕೆ ಅಪಾಯ. ಆದುದರಿಂದ ಓಟವೂ ಪಾಠವೂ ಸೂರ್ಯ ಏರುವ ಮೊದಲು ಮತ್ತು ಇಳಿದ ಮೇಲೆ. ನಡುಹಗಲು ನೆರಳು, ನೀರು, ನಿದ್ದೆ. ವಯಸ್ಕ ನಾಯಿ ದಿನದ ಸುಮಾರು ಅರ್ಧಭಾಗ ನಿದ್ರಿಸುವ ಪ್ರಾಣಿ. ನಿದ್ದೆಗೆಟ್ಟ ಮಗುವಿನಂತೆ ನಿದ್ದೆಗೆಟ್ಟ ನಾಯಿಯೂ ಹಠಮಾಡುತ್ತದೆ.

ಕೋಲಿನ ವಾದ

ಇಷ್ಟೆಲ್ಲ ಏಕೆ, ನಾಲ್ಕು ಏಟು ಬಿಗಿದರೆ ತಾನೇ ಸರಿಹೋಗುತ್ತದೆ ಎಂದು ನೆರೆಯವರು ಹೇಳದಿರಲಿಲ್ಲ. ಏಟಿಗೆ ನಾಯಿ ಸುಮ್ಮನಾಗುವುದು ನಿಜ. ಆದರೆ ಹೆದರಿ ಸುಮ್ಮನಾಗುವುದೂ ತಣ್ಣಗಾಗಿ ಸುಮ್ಮನಾಗುವುದೂ ಒಂದೇ ಅಲ್ಲ. ೨೦೨೦ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ ೯೨ ನಾಯಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಗದರಿಕೆ, ಎಳೆತ, ನೋವುಗಳಿಂದ ಕಲಿಸಿದ ನಾಯಿಗಳಲ್ಲಿ ಉದ್ವೇಗದ ಚಿಹ್ನೆಗಳು ಹೆಚ್ಚಾಗಿದ್ದವು. ತರಬೇತಿಯ ಅನಂತರ ಅವುಗಳ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಏರಿಕೆಯೂ ಹೆಚ್ಚಾಗಿತ್ತು. ಮೊದಲೇ ಕೆರಳಿದ ನಾಯಿಗೆ ಇನ್ನಷ್ಟು ಕೆರಳುವಂತೆ ಮಾಡುವುದು ಉರಿಯುವ ಒಲೆಗೆ ಎಣ್ಣೆ ಹೊಯ್ದು ಆರಿಸಿದಂತೆ.

ಈ ವಿಷಯದಲ್ಲಿ ಪಾವ್ಲೊವರ ಪ್ರಯೋಗಶಾಲೆಯ ಒಂದು ನಾಯಿಯ ಕಥೆ ಸ್ಮರಣೀಯವಾದುದು. ಪ್ರಯೋಗದ ಚೌಕಟ್ಟಿಗೆ ಪಟ್ಟಿ ಕಟ್ಟಿ ನಿಲ್ಲಿಸಿದೊಡನೆ ಅದು ಒದ್ದಾಡುತ್ತಿತ್ತು, ಏದುಸಿರು ಬಿಡುತ್ತಿತ್ತು, ನಿಲ್ಲದೆ ಜೊಲ್ಲು ಸುರಿಸುತ್ತಿತ್ತು. ಬೇರೆ ನಾಯಿಗಳು ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುವ ಸ್ಥಿತಿಗೆ ಇದು ಒಗ್ಗಲೇ ಇಲ್ಲ. ೧೯೧೭ರಲ್ಲಿ ಪಾವ್ಲೊವರು ತಮ್ಮ ಸಹೋದ್ಯೋಗಿಯೊಡನೆ ಇದನ್ನು ವರದಿ ಮಾಡಿ, ಆ ಒದ್ದಾಟಕ್ಕೆ ಸ್ವಾತಂತ್ರ್ಯದ ಪ್ರತಿವರ್ತನೆ ಎಂಬ ಹೆಸರು ಕೊಟ್ಟರು. ಅವರು ಅದನ್ನು ಹೊಡೆಯಲಿಲ್ಲ. ಅದರ ಊಟವನ್ನು ಆ ಚೌಕಟ್ಟಿನಲ್ಲಿಯೇ ಕೊಡುತ್ತ ಬಂದರು. ಮೊದಲು ಅದು ಸರಿಯಾಗಿ ತಿನ್ನದೆ ಬಡವಾಯಿತು. ತಿಂಗಳುಗಳು ಕಳೆದಂತೆ ತಿನ್ನುತ್ತ ಶಾಂತವಾಯಿತು. ಕಟ್ಟಿದ ಪ್ರಾಣಿಯ ಒದ್ದಾಟದಲ್ಲಿ ಆ ಮಹಾವಿಜ್ಞಾನಿ ಕಂಡದ್ದು ತುಂಟತನವನ್ನಲ್ಲ, ಜೀವದ ಮೂಲಭೂತವಾದ ಒಂದು ಗುಣವನ್ನು.

ನಮ್ಮ ದೇಶದ ಕಾನೂನೂ ಇದನ್ನು ಬಲ್ಲದು. ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ೧೧ನೆಯ ಪ್ರಕರಣದಲ್ಲಿ, ಸದಾ ಸರಪಳಿಯಲ್ಲಿ ಕಟ್ಟಿದ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನೂ ಅಪರಾಧಗಳೆಂದು ಎಣಿಸಲಾಗಿದೆ. ಬೇವಿನ ಮರವೂ ಹೊಳೆಯಾಚೆಯೂ ಎರಡೂ ಆ ಒಂದೇ ಪ್ರಕರಣದಲ್ಲಿ ಬರುತ್ತವೆ.

ತಿಂಗಳು ತುಂಬಿದಾಗ

ಗಡುವಿನ ದಿನ ಯಜಮಾನರು ಟೆಂಪೋ ಕರೆಸಲಿಲ್ಲ. ಕರಿಯನು ಸಾಧುವಾಯಿತೆಂದು ನಾವು ಹೇಳುವುದಿಲ್ಲ. ಅಳಿಲು ಕಂಡರೆ ಇಂದಿಗೂ ಹಗ್ಗ ಬಿಗಿಯುತ್ತದೆ. ಮಳೆ ಬಂದು ಎರಡು ದಿನ ಹೊರಗೆ ಹೋಗಲಾಗದಿದ್ದರೆ ಚಪ್ಪಲಿಗೆ ಅಪಾಯ ತಪ್ಪಿದ್ದಲ್ಲ. ಹಬ್ಬಕ್ಕೆ ನೆಂಟರು ಬಂದು ಮುದ್ದು ಮಾಡಿ ಹೋದರೆ ಗೋಡೆಯ ಮೇಲೆ ಮತ್ತೆ ನಾಲ್ಕು ಗೀಟು. ಆಮೇಲೆ ಒಂದು ವಾರ ಎಲ್ಲರೂ ಕಂಬವಾಗಿ ನಿಲ್ಲಬೇಕು. ಬೇಟೆಯ ರಕ್ತ ಒಂದು ತಿಂಗಳಲ್ಲಿ ಬದಲಾಗುವಂತಹುದಲ್ಲ, ಬದಲಾಗಬೇಕಾಗಿಯೂ ಇಲ್ಲ. ಬದಲಾದದ್ದು ಮನೆಯವರ ಲೆಕ್ಕ: ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೊಡಬಾರದು, ಯಾವಾಗ ಕೊಡಬೇಕು ಎಂಬುದು.

ಈಚೆಗೆ ನಾವು ಹೋಗಿದ್ದಾಗ ಅವ್ವ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿನ್ನುತ್ತಿದ್ದಳು. ಮುಂಗೈಯ ಮೂಳೆ ಕೂಡಿತ್ತು, ಆದರೆ ಕೊಡವನ್ನು ಈಗ ಸೊಸೆ ಹೊರುತ್ತಾಳೆ. ಕರಿಯನು ಮೂಲೆಯ ತಟ್ಟಿನ ಮೇಲೆ ಮಲಗಿ ಅವಳ ಕೈಯನ್ನೇ ನೋಡುತ್ತಿತ್ತು. ಬಾಲದ ತುದಿ ಮಾತ್ರ ಆಡುತ್ತಿತ್ತು. ಅವ್ವ ಅವಸರಪಡಲಿಲ್ಲ. ರೊಟ್ಟಿಯನ್ನು ಮುರಿದು, ತುಣುಕನ್ನು ಕೈಯಲ್ಲಿಟ್ಟುಕೊಂಡು, ಬಾಲವೂ ನಿಲ್ಲುವವರೆಗೆ ಕಾದಳು. ಆಮೇಲೆ "ಭಲೆ" ಎಂದು ಹೇಳಿ ಕೊಟ್ಟಳು.